ಎರಡು ಮರಿ ಕೊಟ್ಟು ಒಬ್ಬ ತಾತ

ಮೊನ್ನೆ ಶಾಲೆಯ ಆಟದ ಕೋಣೆಯ ಬೀರು ತೆಗೆದಾಗ ಹಳೆಯ ಸಾಫ್ಟ್‌ಬಾಲ್ ಗ್ಲೌಸೊಂದು ಸಿಕ್ಕಿತು. ಒಣಗಿ ಸೆಟೆದು ಹೋಗಿತ್ತು. ಮನೆಯಿಂದ ಒಂದಿಷ್ಟು ಶೇಂಗಾ ಎಣ್ಣೆ ತಂದು, ಬಟ್ಟೆಯಲ್ಲಿ ಅದ್ದಿ ಉಜ್ಜತೊಡಗಿದೆ. ಎಣ್ಣೆ ಕುಡಿದ ಚರ್ಮದ ಆ ವಾಸನೆ ಎದ್ದದ್ದೇ ತಡ, ರಾಯದುರ್ಗದ ಡ್ರಿಲ್ ಮೇಷ್ಟ್ರು ಬೆನ್ನ ಹಿಂದೆ ಬಂದು ನಿಂತು, “ಎಣ್ಣಿ ಯಾರು ಕೊಟ್ರು ಮೇಡಂ? ಯಾಕ ಕೊಟ್ರು?” ಎಂದು ಕೇಳಿದಂತಾಯಿತು...

ಈಗ ನಾನಿರುವುದು ಮಡಕಶಿರದಲ್ಲಿ, ತವರಿಗೆ ಹತ್ತಿರ. ಆಗ ರಾಯದುರ್ಗದ ಒಂದು ಖಾಸಗಿ ಹೈಸ್ಕೂಲಿಗೆ ಎರಡನೆಯ ಡ್ರಿಲ್ ಟೀಚರಾಗಿ ಸೇರಿದ್ದೆ. ಮೊದಲನೆಯವರು ಮೇಷ್ಟ್ರು. ಊರಿನ ಎಷ್ಟೋ ಹುಡುಗಿಯರಿಗೆ ಸಾಫ್ಟ್‌ಬಾಲ್ ಕಲಿಸಿದವರು. ಮೊದಲ ದಿನ ನನ್ನನ್ನು ಸಂತೆಯಲ್ಲಿ ಮಡಕೆ ಬಡಿದು ನೋಡುವವರ ಹಾಗೆ ನೋಡಿ, “ನಿಮ್ಮನ್ನ ಇಲ್ಲಿಗೆ ಯಾರು ಕಳಿಸಿದ್ರು?” ಎಂದರು.

“ಯಾರೂ ಕಳಿಸ್ಲಿಲ್ಲ ಸಾರ್. ಅರ್ಜಿ ಹಾಕಿದ್ದೆ, ಕರೆದ್ರು.”

ಅವರು ನಂಬಲಿಲ್ಲ. ಒಬ್ಬರು ಸಾಕಾಗುವ ಶಾಲೆಗೆ ಇನ್ನೊಬ್ಬರನ್ನು, ಅದೂ ವಯಸ್ಸಿನಲ್ಲಿ ಮಗಳಂತಿರುವವಳನ್ನು ಯಾಕೆ ತಂದಿದ್ದಾರೆ ಎಂಬುದೇ ಅವರ ತಲೆಯಲ್ಲಿ. ಆಟದ ಕೋಣೆಗೆ ಎರಡು ಬೀಗ ಹಾಕುತ್ತಿದ್ದರು. ಆಫೀಸಿನಿಂದ ಚಹಾ ಬಂದರೆ, ಇವತ್ತು ಯಾವ ಖುಷಿಗೆ ಎಂದು ಕೇಳದೆ ಮುಟ್ಟುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಗೋಡೆಗೆ ಬೆನ್ನು ಕೊಟ್ಟೇ ಕೂರುತ್ತಿದ್ದರು. ನಾನೂ ಕುರಿ ಸಾಕಿದವರ ಮನೆಯವಳು. ತೋಳ, ಕಳ್ಳ, ದಲ್ಲಾಳಿ ಮೂವರನ್ನೂ ಅನುಮಾನಿಸುತ್ತಲೇ ಬೆಳೆದವಳು. ಹಾಗಾಗಿ ಅವರ ಸ್ವಭಾವ ನನಗೆ ವಿಚಿತ್ರವೆನಿಸಲಿಲ್ಲ. ನಾನೂ ಅವರ ಮೇಲೆ ಒಂದು ಕಣ್ಣಿಟ್ಟೆ.

ಶಾಲೆ ನಡೆಸುತ್ತಿದ್ದವರು ಕರೆಸ್ಪಾಂಡೆಂಟರ, ಅಂದರೆ ಶಾಲೆಯ ಒಡೆಯರ, ಮಗ. ಎಲ್ಲರೂ ಚಿಕ್ಕ ಸಾರ್ ಎನ್ನುತ್ತಿದ್ದೆವು. ಅವರಿಗೊಂದು ಹುಚ್ಚಿತ್ತು: ಕಂಪ್ಯೂಟರಿನಲ್ಲಿ ಬೇಸ್‌ಬಾಲ್ ತಂಡ ನಡೆಸುವ ಆಟ. ಬ್ಯಾಟು, ಚೆಂಡು ಯಾವುದೂ ನಮ್ಮ ಕೈಯಲ್ಲಿರುವುದಿಲ್ಲ. ಆಟಗಾರರನ್ನು ಹುಟ್ಟಿಸುವುದು, ಆಡಿಸುವುದು, ಮುದುಕರಾಗಿಸುವುದು ಎಲ್ಲ ಕಂಪ್ಯೂಟರೇ. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬೇರೆ ತಂಡಕ್ಕೆ ಕೊಟ್ಟು ಯಾರನ್ನು ತರಬೇಕು ಎಂಬುದಷ್ಟೇ ನಮ್ಮ ಪಾಲಿನದು. ಚಿಕ್ಕ ಸಾರ್ ಅದನ್ನು ಲ್ಯಾಬಿನಲ್ಲಿ ಹಾಕಿಸಿ, ಇಬ್ಬಿಬ್ಬರು ಟೀಚರಿಗೆ ಒಂದೊಂದು ತಂಡ ಹಂಚಿ, ಶನಿವಾರ ಗಂಟೆ ಹೊಡೆದ ಮೇಲೆ ಎಲ್ಲರನ್ನೂ ಕೂರಿಸುತ್ತಿದ್ದರು. ನನಗೂ ಮೇಷ್ಟ್ರಿಗೂ ಸೇರಿ ಒಂದು ತಂಡ. ಊರ ಕಡೆಯ ಹಗರಿ ಹೊಳೆಯ ಹೆಸರಿನಲ್ಲಿ ‘ಹಗರಿ ಹುಲಿಗಳು’.

ಪಾಸ್‌ವರ್ಡ್ ಯಾರ ಹತ್ತಿರ ಇರಬೇಕೆಂಬುದೇ ಮೊದಲ ಜಗಳ. ಕೊನೆಗೆ ಅರ್ಧ ಅವರದು, ಅರ್ಧ ನನ್ನದು ಎಂದಾಯಿತು. ಅವರು ತಮ್ಮ ಅರ್ಧ ಒತ್ತುವಾಗ ನಾನು ಕಿಟಕಿ ಕಡೆ ತಿರುಗಬೇಕು, ನನ್ನ ಅರ್ಧ ಒತ್ತುವಾಗ ಅವರು.

ಎರಡನೆಯ ಜಗಳ ಮುಗಿಯಲೇ ಇಲ್ಲ. ಎಳೆಯ ಆಟಗಾರರ ಹೆಸರಿನ ಮುಂದೆ ನಕ್ಷತ್ರಗಳಿರುತ್ತಿದ್ದವು. ಮುಂದೆ ಎಷ್ಟು ಬೆಳೆಯಬಹುದು ಎಂಬ ಅಂದಾಜು. ನನಗೆ ಆ ನಕ್ಷತ್ರಗಳ ಆಸೆ. ಮೇಷ್ಟ್ರಿಗೆ ಹಳಬರೇ ಬೇಕು.

“ನಕ್ಷತ್ರ ನೋಡಿ ಹೆಣ್ಣು ಕೊಡ್ತಾರ್ರಿ, ಬಾಲ್ ಕೊಡೋದಿಲ್ಲ. ಶೇಂಗಾ ಬಳ್ಳಿ ಮ್ಯಾಲೆ ಹಸುರ ಇರ್ತೈತಿ. ಕೀಳೋತನಕ ತೆಳಗ ಕಾಯಿ ಐತೋ ಇಲ್ಲೋ ಯಾರಿಗೆ ಗೊತ್ತು?”

“ಹಲ್ಲು ಸವೆದ ಟಗರನ್ನ ನಮ್ಮಪ್ಪ ಸಂತೇಗೆ ಹೊಡೀತಾನೆ ಸಾರ್. ಮರೀನ ಮಾರಲ್ಲ.”

“ಹಿಂಡಿನ ಮುಂದ ನಡಿಯೋದು ಯಾವುದು ಅಂತ ನಿಮ್ಮಪ್ಪನ್ನ ಕೇಳ್ರಿ. ಮರಿ ನಡೀತೈತೇನು?”

ಆದರೂ ಹೇಗೋ ಒಪ್ಪಿಸಿ ಇಬ್ಬರು ಎಳೆಯ ಪಿಚ್ಚರ್‌ಗಳನ್ನು, ಅಂದರೆ ಚೆಂಡು ಎಸೆಯುವವರನ್ನು, ಉಳಿಸಿಕೊಂಡಿದ್ದೆ. ಅವರ ಪರದೇಶದ ಹೆಸರು ನಾಲಿಗೆಗೆ ಹೊರಳುತ್ತಿರಲಿಲ್ಲ. ದೊಡ್ಡ ಮರಿ, ಸಣ್ಣ ಮರಿ ಎನ್ನುತ್ತಿದ್ದೆ. ಸೀಸನ್ನಿಂದ ಸೀಸನ್ನಿಗೆ ಇಬ್ಬರೂ ಚೆನ್ನಾಗಿ ಬೆಳೆದರು. ಬಾಯಲ್ಲಿ ಬೈದರೂ, ಮೇಷ್ಟ್ರು ಲ್ಯಾಬಿಗೆ ಬಂದ ಕೂಡಲೇ ಮೊದಲು ನೋಡುತ್ತಿದ್ದುದು ಅವರಿಬ್ಬರನ್ನೇ.

ವರ್ಷದ ಪರೀಕ್ಷೆ ಹತ್ತಿರವಿದ್ದಾಗ ಚಿಕ್ಕ ಸಾರ್ ನನ್ನನ್ನು ಕರೆಸಿದರು. “ಆ ಇದ್ದರು ಪಿಲ್ಲಲ್ನಿ ನಾಕು ಇಚ್ಚೇಯಂಡಿ ಮೇಡಂ” ಎಂದು ತೆಲುಗಿನಲ್ಲಿ ಹೇಳಿ ನಕ್ಕರು. ನಮ್ಮ ಎರಡು ಮರಿಗಳನ್ನು ತಮ್ಮ ತಂಡಕ್ಕೆ ಕೊಡಬೇಕಂತೆ. ಪಾಲುದಾರರನ್ನು ಕೇಳದೆ ಆಗುವುದಿಲ್ಲ ಎಂದೆ. ಆಗ ಅವರು ಪೆನ್ನು ತಿರುಗಿಸುತ್ತ, ಮುಂದಿನ ವರ್ಷ ಡ್ರಿಲ್ಲಿಗೆ ಒಬ್ಬರೇ ಸಾಕೆಂದು ಅಪ್ಪ ಹೇಳುತ್ತಿದ್ದಾರೆ ಎಂದರು. ಎರಡು ಮಾತಿಗೂ ಸಂಬಂಧವಿದೆಯೋ ಇಲ್ಲವೋ... ಅವರ ಮುಖ ನೋಡಿ ತಿಳಿಯುವಂತಿರಲಿಲ್ಲ.

ಮೇಷ್ಟ್ರಿಗೆ ನಾನು ಇದನ್ನು ಹೇಳಲಿಲ್ಲ. ಹೇಳಿದರೆ ಓಡಿಹೋಗಿ ತಾವೇ ಕೊಟ್ಟುಬಿಟ್ಟಾರು ಎಂಬ ಅನುಮಾನ.

ಮುಂದಿನ ಶನಿವಾರ ಲ್ಯಾಬಿಗೆ ಹೋದೆ. ಮೇಷ್ಟ್ರು ಬಂದಿರಲಿಲ್ಲ. ಅವರ ಅರ್ಧ ಯಾವುದೆಂದು ನನಗೆ ಎಂದೋ ಗೊತ್ತಾಗಿತ್ತು. ತಂಡ ತೆರೆದೆ. ಮರಿಗಳೆರಡೂ ಚಿಕ್ಕ ಸಾರ್ ತಂಡದಲ್ಲಿದ್ದವು. ನಮಗೆ ಬಂದಿದ್ದವನು ಮೂವತ್ತೇಳರ ಒಬ್ಬ ಕ್ಯಾಚರ್, ಆ ಆಟದ ಲೆಕ್ಕಕ್ಕೆ ತಾತ. ಬ್ಯಾಟ್ಸ್‌ಮನ್ನಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವವನು. ಅವನ ಮೊಣಕಾಲು ಮುಗಿದಿದೆ ಎಂದು ಕಂಪ್ಯೂಟರೇ ಬರೆದಿತ್ತು.

ಮೇಷ್ಟ್ರು ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದರು.

“ಮರಿಗಳು ಎಲ್ಲಿ ಸಾರ್?”

“ಕೊಟ್ಟೆ.” ಗೆರೆ ನಿಲ್ಲಲಿಲ್ಲ.

“ನನ್ನ ಅರ್ಧ ಇಲ್ದೆ ಹೆಂಗೆ ತೆಗೆದ್ರಿ?”

“ನಿಮ್ಮ ಅರ್ಧ ರತ್ನಗಿರಿ ಅಲ್ಲೇನು? ನಿಮ್ಮೂರ ಕ್ವಾಟಿ ಹೆಸರು. ಮೊದಲನೇ ವಾರದಾಗ ಗೊತ್ತಾತು. ನನ್ನ ಅರ್ಧ ನಿಮಗ ಗೊತ್ತಿಲ್ಲೇನು, ನೀವು ಹ್ಯಾಂಗ ನೋಡಿದ್ರಿ?”

“ಚಿಕ್ಕ ಸಾರ್ ನಿಮ್ಮತ್ರ ಏನಂದ್ರು?” ಎಂದೆ.

ಈಗ ಅವರು ನಿಂತರು. “ನಿಮ್ಮ ಹತ್ರ ಏನಂದ್ರು?”

ಅವರ ಕೈಯ ಡಬ್ಬಿಯಿಂದ ಸುಣ್ಣ ಒಂದೇ ಕಡೆ ಸುರಿದು ಗುಡ್ಡೆಯಾಯಿತು.

ಜೂನ್‌ನಲ್ಲಿ ಶಾಲೆ ತೆರೆದಾಗ ಕೆಲಸ ಉಳಿದದ್ದು ನನ್ನದು. ಮೇಷ್ಟ್ರಿಗೆ ವಿಶ್ರಾಂತಿ ಕೊಟ್ಟಿದ್ದೇವೆ ಎಂದರು ಆಫೀಸಿನವರು. ಮೇಷ್ಟ್ರು ಗೇಟಿನ ಹತ್ತಿರ ಕಾದಿದ್ದು, ನನ್ನ ಕೈಗೆ ಕೀಲಿಕೈ ಕೊಟ್ಟು, “ಎರಡೂ ಬೀಗ ಹಾಕ್ರಿ” ಎಂದಷ್ಟೇ ಹೇಳಿ, ಕಣೇಕಲ್ಲು ಬಸ್ಸು ಹತ್ತಿದರು. ಅಲ್ಲಿಯ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿದೆ ಎಂದು ಆಮೇಲೆ ತಿಳಿಯಿತು.

ನನ್ನ ತಲೆಗೆ ಹುಳ ಹೊಕ್ಕಿತು. ಮರಿಗಳನ್ನು ಕೊಟ್ಟು ಅವರು ಕೇಳಿದ್ದೇನು? ತಮ್ಮ ಕೆಲಸವನ್ನೇ ಕೇಳಿದ್ದರೆ ಉಳಿಯಬೇಕಿತ್ತಲ್ಲ? ಒಮ್ಮೊಮ್ಮೆ, ನನಗಾಗಿ ಕೇಳಿರಬಹುದೇ ಎಂಬ ಮೆತ್ತನೆಯ ಯೋಚನೆಯೂ ಬರುತ್ತಿತ್ತು. ಅದನ್ನಂತೂ ನಾನು ನಂಬಲಿಲ್ಲ.

ಆ ವರ್ಷ ಹಗರಿ ಹುಲಿಗಳನ್ನು ಒಬ್ಬಳೇ ನಡೆಸಿದೆ. ದೊಡ್ಡ ಮರಿಯ ಮೊಣಕೈ ಕೆಟ್ಟು ಆಟವೇ ನಿಂತಿತು. ಸಣ್ಣ ಮರಿ ಚಿಕ್ಕ ಸಾರ್ ತಂಡದಲ್ಲಿ ಮೆರೆದ. ಆದರೆ ನಮ್ಮ ಕಡೆ ಆ ತಾತ ಹಿಂದೆ ಕೂತ ಮೇಲೆ, ಲೆಕ್ಕಕ್ಕೇ ಇಲ್ಲದ ನಮ್ಮ ಪಿಚ್ಚರ್‌ಗಳೆಲ್ಲ ನೆಟ್ಟಗೆ ಎಸೆಯತೊಡಗಿದರು. ಕೊನೆಯ ಪಂದ್ಯದಲ್ಲಿ ಚಿಕ್ಕ ಸಾರ್ ತಂಡವನ್ನೇ ಸೋಲಿಸಿದೆವು. ಮುಂದಿನ ಶನಿವಾರದಿಂದ ಲ್ಯಾಬಿಗೆ ಯಾರೂ ಬರಬೇಕಿಲ್ಲ ಎಂದು ಸುತ್ತೋಲೆ ಬಂತು.

ನಾನು ಮಡಕಶಿರಕ್ಕೆ ಬಂದ ಮೇಲೆ, ಇಲ್ಲಿ ನಡೆದ ಹುಡುಗಿಯರ ಪಂದ್ಯಕ್ಕೆ ಅಂಪೈರಾಗಿ ಮೇಷ್ಟ್ರು ಬಂದರು. ಸೊರಗಿದ್ದರು. ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ಮುರಿದು ಕೊಟ್ಟೆ. ಯಾರು ಮಾಡಿದ್ದು ಎಂದು ಕೇಳಿದ ಮೇಲೇ ತಿಂದರು.

“ನಿಮ್ಮ ತಾತ ಗೆಲ್ಸಿಬಿಟ್ಟ ಸಾರ್. ಅವನು ಗೆಲ್ಲುಸ್ತಾನೆ ಅಂತ ಅವತ್ತೇ ಗೊತ್ತಿತ್ತಾ?”

“ಗೆಲ್ಲಸ್ಲಿ ಅಂತ ತರಲಿಲ್ರಿ. ಪುಕ್ಕಟ ಕೊಟ್ರ ನಿಮಗ ಅನುಮಾನ ಬರ್ತಿತ್ತು. ಅದಕ್ಕ ಯಾರಾರ ಒಬ್ಬನ್ನ ಇಸ್ಕೋಬೇಕಿತ್ತು.”

“ಹಂಗಾದ್ರೆ ಕೇಳಿದ್ದು ಏನನ್ನ?”

“ನನ್ನ ಕೆಲಸ. ಮತ್ತೇನು ಕೇಳಲಿ? ಉಳಸ್ತೀನಿ ಅಂದ. ಉಳಸಲಿಲ್ಲ.” ಅವರ ಮುಖದಲ್ಲಿ ನಾಚಿಕೆಯಾಗಲಿ ಸಿಟ್ಟಾಗಲಿ ಇರಲಿಲ್ಲ. “ನಿಮಗ ಅನುಮಾನ ಇತ್ತಲ್ಲ?”

“ಇತ್ತು.”

“ಇರಬೇಕ್ರಿ” ಎಂದು ನನ್ನ ಮುಖವನ್ನೇ ನೋಡುತ್ತ ಕೂತರು. ಇನ್ನೇನೋ ನಾನು ಹೇಳಬೇಕು ಎಂಬಂತೆ. ನಾನು ಬುತ್ತಿ ಕಟ್ಟತೊಡಗಿದೆ. ಪಂದ್ಯದ ಸೀಟಿ ಕೇಳಿಸಿತು. ಎದ್ದು ಹೋದವರು, ನನ್ನ ತಂಡದ ಕೊನೆಯ ಹುಡುಗಿಯನ್ನು ಕೂದಲೆಳೆಯ ಅಂತರದಲ್ಲಿ ಔಟ್ ಎಂದು ಕೈ ಎತ್ತಿದರು. ಸೋತೆವು. ಅವಳು ಔಟಾಗಿದ್ದಳು, ನಾನೂ ನೋಡಿದ್ದೆ.

ಕಳೆದ ತಿಂಗಳು ಅವರು ತೀರಿಕೊಂಡ ಸುದ್ದಿ ಹಳೆಯ ಸ್ಟಾಫಿನ ಗ್ರೂಪಿಗೆ ಬಂತು. ಎಲ್ಲರಿಗಿಂತ ಮೊದಲು ಕೈ ಮುಗಿದ ಚಿತ್ರ ಹಾಕಿದ್ದು ಚಿಕ್ಕ ಸಾರ್. ನನಗೆ ಹಾಕಲು ಮನಸ್ಸಾಗದೆ ಮೇಷ್ಟ್ರ ಮನೆಗೇ ಫೋನು ಮಾಡಿದೆ. ಅವರ ಹೆಂಡತಿ ಎತ್ತಿದರು.

“ಓ, ಮಡಕಶಿರದ ಮೇಡಂ ಏನ್ರಿ? ನಿಮ್ಮ ಮಾತು ಭಾಳ ಆಡ್ತಿದ್ರು.” ಆಕೆ ಮೂಗು ಒರೆಸಿಕೊಂಡಿದ್ದು ಕೇಳಿಸಿತು. “‘ನಾನು ಇಬ್ಬರನ್ನ ಕೊಟ್ಟೆ, ಉಳೀಲಿಲ್ಲ. ಆ ಮೇಡಂ ಯಾವ ಆಟಗಾರನ್ನ ಕೊಟ್ಟು ಉಳಕೊಂಡ್ಲೋ, ಕಡೀತನ ಬಾಯಿ ಬಿಡಲಿಲ್ಲ’ ಅಂತಿದ್ರು. ಹೌದ್ರಿ ಅಮ್ಮಾ, ಯಾರನ್ನ ಕೊಟ್ಟಿದ್ರಿ?”

“ಯಾರನ್ನೂ ಕೊಡ್ಲಿಲ್ಲಮ್ಮ. ನಾನು ಏನೂ ಕೊಡ್ಲಿಲ್ಲ.”

“ಆತು ಬಿಡ್ರಿ” ಎಂದರು. “ಈಗ ಕೇಳೋರು ಯಾರದಾರ.”

ಆಕೆ ನನ್ನ ಮಾತು ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಮೇಷ್ಟ್ರಾಗಿದ್ದರೆ ಖಂಡಿತ ನಂಬುತ್ತಿರಲಿಲ್ಲ. ಇನ್ನೊಂದು ಪ್ರಶ್ನೆ ಕೇಳುತ್ತಿದ್ದರು, ಅದಕ್ಕೆ ಉತ್ತರ ಕೊಟ್ಟರೆ ಮತ್ತೊಂದು... ಅಂದು ರೊಟ್ಟಿ ತಿನ್ನುತ್ತ ಅವರು ಕಾದದ್ದು ಈ ಒಂದು ಮಾತಿಗೆ. ಬಾಯಿ ಬಿಟ್ಟು ಕೇಳಿದ್ದರೆ ಹೇಳುತ್ತಿದ್ದೆ.