ಆಲ್ಮೈರಾಳ ಮೂಗು

ಮಿಷಿಗನ್ನಿನ ಸೇಂಟ್ ಜಾನ್ಸ್ ಸುತ್ತಿನ ಕಪ್ಪು ನೆಲದಲ್ಲಿ ಪೆಪ್ಪರ್‌ಮಿಂಟ್ ಸೊಪ್ಪು ಬಿಟ್ಟರೆ ಬೇರೆ ಬೆಳೆಯ ಮಾತಿರಲಿಲ್ಲ. ಆಲ್ಮೈರಾ ಟೀಚೌಟ್ ಹುಟ್ಟಿದ್ದೇ ಎಣ್ಣೆ ಇಳಿಸುವ ಭಟ್ಟಿಯ ಪಕ್ಕದ ಮನೆಯಲ್ಲಿ. ಸೊಪ್ಪು ಬೆಂದು ಹಬೆಯೇರಿದ ಎಣ್ಣೆ ತಣ್ಣಗಾಗಿ ನೀರಿನ ಮೇಲೆ ತೇಲುವುದನ್ನು ನೋಡುತ್ತಲೇ ಬೆಳೆದವಳು. ಹೊಟ್ಟೆ ಉಬ್ಬರಿಸಿದರೆ ಸಕ್ಕರೆಯ ಮೇಲೆ ಒಂದು ಹನಿ, ತಲೆ ಸಿಡಿದರೆ ಕೊಬ್ಬಿನಲ್ಲಿ ಕಲಸಿ ಹಣೆಗೊಂದಿಷ್ಟು, ಇಲಿಬಿಲಕ್ಕೆ ಎಣ್ಣೆಯಲ್ಲಿ ಅದ್ದಿದ ಚಿಂದಿ. ಗಂಡ ವರ್ಜಿಲ್ ಜಂಬ ಕೊಚ್ಚಿದ ದಿನ ಅವನ ಟೋಪಿಯ ಒಳಪಟ್ಟಿಗೆ ಎರಡು ಹನಿ. ಬೆವರು ಮೂಡಿದೊಡನೆ ಜನವರಿಯ ಹಿಮವೇ ನೆತ್ತಿಗೇರಿದಂತಾಗಿ ಅವನು ಬೀದಿಯಲ್ಲೇ ಕುಣಿಯುತ್ತಿದ್ದ.

ವರ್ಜಿಲ್ ಪ್ಲಂಬರ್. ಆ ವರ್ಷ ಊರಿನ ಹೊಸ ಶಾಲೆಗೆ ಚರಂಡಿ ಕೊಳವೆ ಕೂಡಿಸಿದವನು ಅವನೇ. ಅದರ ಮೇಲೆ ಹೆಂಚುನೆಲವೂ ಹಾಸಿ ಆಗಿತ್ತು. ಶಾಲೆ ತೆರೆಯಲು ಹತ್ತು ದಿನವಿದೆ ಎನ್ನುವಾಗ ಲ್ಯಾನ್ಸಿಂಗ್‌ನಿಂದ ತಪಾಸಣೆಗೆ ಹ್ಯಾಡಿಕ್ಸ್ ಎಂಬ ಅಧಿಕಾರಿ ಬಂದ. ಪರೀಕ್ಷೆ ಸುಲಭದ್ದು: ಮಾಡಿನ ಮೇಲಿನ ಕೊಳವೆಬಾಯಿಗೆ ಪೆಪ್ಪರ್‌ಮಿಂಟ್ ಎಣ್ಣೆ, ಕುದಿನೀರು ಸುರಿದು ಬಾಯಿ ಮುಚ್ಚುವುದು. ಒಳಗೆ ಘಮ ಬಂದರೆ ಕೊಳವೆ ಸೋರುತ್ತದೆ, ನಾಳೆ ಕೊಳೆಗಾಳಿಯೂ ಅಲ್ಲೇ ನುಗ್ಗುತ್ತದೆ ಎಂದರ್ಥ. ವರ್ಜಿಲ್ ಸುರಿದ. ಹ್ಯಾಡಿಕ್ಸ್ ಒಳಗೆ ಒಂದು ಸುತ್ತು ಬಂದು, "ಎಲ್ಲಾ ಕೋಣೇಲೂ ಘಮ್ ಅಂತಿದೆ. ನೆಲ ಪೂರ್ತಿ ಒಡೀರಿ" ಎಂದುಬಿಟ್ಟ.

ನೆಲ ಒಡೆದರೆ ಕ್ರಿಸ್‌ಮಸ್‌ವರೆಗೂ ಶಾಲೆಗೆ ಬೀಗ. ವರ್ಜಿಲ್‌ನನ್ನು ಆಮೇಲೆ ಒಂದು ನಲ್ಲಿ ತಿರುಗಿಸಲೂ ಯಾರೂ ಕರೆಯರು. ಅವನು ಮಾಡಿನ ಮೇಲೆ ಒದ್ದೆ ಕೋಳಿಯಂತೆ ಕೂತ.

ಆಗಸ್ಟ್ ತಿಂಗಳು, ಕೊಯ್ಲಿನ ಕಾಲ. ಹತ್ತಾರು ಭಟ್ಟಿ ಹೊಗೆಯಾಡಿ ಊರಿಗೆ ಊರೇ ಪೆಪ್ಪರ್‌ಮಿಂಟ್ ಕಷಾಯದಂತೆ ಕುದಿಯುತ್ತಿತ್ತು. ಸುದ್ದಿ ಕೇಳಿ ಶಾಲೆಗೆ ಬಂದ ಆಲ್ಮೈರಾ ಅಧಿಕಾರಿಯ ತೋಳು ಹಿಡಿದು ಎದುರಿನ ಕೊಟ್ಟಿಗೆಗೆ ಎಳೆದೊಯ್ದಳು. ಭಟ್ಟಿಯಿಂದ ತಂದ ಬೆಂದ ಸೊಪ್ಪನ್ನು ಹಸು ಮೆಲ್ಲುತ್ತಿತ್ತು.

"ಮೂಸಿ ನೋಡಿ, ಸಾಹೇಬ್ರೇ."

"ಇದೂ ಪೆಪ್ಪರ್‌ಮಿಂಟೇ!"

"ಹಂಗಾದ್ರೆ ಇದನ್ನೂ ಒಡೆಸಿಬಿಡಿ. ನನ್ ಗಂಡ ಇದರ ಹೊಟ್ಟೆಗೂ ಕೊಳವೆ ಹಾಕಿರಬೇಕು."

ಹ್ಯಾಡಿಕ್ಸ್ ನಕ್ಕ. "ಮತ್ತೆ ಹೆಂಗಮ್ಮಾ ಪರೀಕ್ಷೆ ಮಾಡೋದು?"

"ಕಳ್ಳರ ಊರಲ್ಲಿ ಕಳ್ಳನ್ನೇ ಸಾಕ್ಷಿಗೆ ಕರೀತಾರಾ? ಲವಂಗದೆಣ್ಣೆ ಸುರೀರಿ. ಹಲ್ಲುನೋವಿಗೆ ಅಂತ ಔಷಧಿ ಅಂಗಡೀಲಿ ಇಟ್ಟಿರ್ತಾರೆ."

ಕೊಳವೆಗೆ ಎರಡು ಸಲ ಬರಿಯ ಕುದಿನೀರು ಹೊಯ್ದು ತೊಳೆದು, ವರ್ಜಿಲ್ ಲವಂಗದೆಣ್ಣೆ ಸುರಿದ. ಅಧಿಕಾರಿ, ಆಲ್ಮೈರಾ ಇಬ್ಬರೂ ಕೋಣೆ ಕೋಣೆ ಮೂಸಿದರು. ಬೆಳಗಿನಿಂದ ಪೆಪ್ಪರ್‌ಮಿಂಟ್ ಗಾಳಿ ಕುಡಿದು ಅಧಿಕಾರಿಯ ಮೂಗು ಜಡ್ಡುಗಟ್ಟಿತ್ತು. "ಏನೂ ಇಲ್ಲ. ಗೆದ್ದ ನಿನ್ನ ಗಂಡ" ಎಂದು ಪೆನ್ನು ತೆಗೆದ.

ಆಲ್ಮೈರಾ ಮಾತ್ರ ಚಿಕ್ಕ ಮಕ್ಕಳ ಕೋಣೆಯ ಕೈತೊಳೆಯುವ ಬೋಗುಣಿಯ ಹತ್ತಿರ ನಿಂತುಬಿಟ್ಟಿದ್ದಳು. ಪೆಪ್ಪರ್‌ಮಿಂಟ್ ಅವಳ ಮೂಗಿಗೆ ಎಂದೋ ಗಾಳಿಯೇ ಆಗಿಹೋಗಿತ್ತು; ಲವಂಗ ಹಾಗಲ್ಲ. ಸೂಜಿಮೊನೆಯಷ್ಟು ಸುಳಿದರೂ ಚುಚ್ಚಿತು. ಬಾಯಿ ಮುಚ್ಚಿಕೊಂಡರೆ ಗಂಡನ ಹೆಸರು ಉಳಿಯುತ್ತದೆ. ಆದರೆ ಆ ಗಾಳಿ ಕುಡಿಯುವವರು ಆರು ವರ್ಷದ ನಲವತ್ತು ಮಕ್ಕಳು. ಅಧಿಕಾರಿಯ ಪೆನ್ನು ಕಾಗದ ಮುಟ್ಟಿತು.

"ತಡೀರಿ ಸಾಹೇಬ್ರೇ. ಇಲ್ಲಿ ಬಗ್ಗಿ."

ಬಗ್ಗಿ, ಗೋಡೆಬುಡದ ನೆಲಕ್ಕೇ ಮೂಗು ತಾಗಿಸಿದ ಮೇಲೆ ಹ್ಯಾಡಿಕ್ಸ್ ತಲೆಯಾಡಿಸಿದ. ಒಂದೇ ಒಂದು ಕೂಡಿಕೆ ಸಡಿಲ. ಒಡೆಯಬೇಕಾದದ್ದು ಎರಡೇ ಹೆಂಚು.

ವಿಷಯ ತಿಳಿದು ವರ್ಜಿಲ್ ಏಣಿ ಇಳಿದು ಬಂದ. "ಕಟ್ಕೊಂಡ ಗಂಡನ್ನೇ ಹಿಡ್ಕೊಡ್ತೀಯಲ್ಲೇ! ನಿನ್ ಮೂಗು ಸುಡ!"

"ಆಮೇಲೆ ಸುಡೀವಂತೆ ಇರು. ಮೊದ್ಲು ಆ ಕೂಡಿಕೆ ಮುಚ್ಚೋಕೆ ಸೀಸ ಕಾಯ್ಸು. ನೆಲ ಉಳಿಸಿದ್ದೂ ಇದೇ ಮೂಗು, ಗೊತ್ತಾ?"

ವರ್ಜಿಲ್ ಗೊಣಗುತ್ತಲೇ ಮಂಡಿಯೂರಿ ಮೊದಲ ಹೆಂಚಿಗೆ ಉಳಿ ಇಟ್ಟ. ಏಟು ಬಿದ್ದು ಹೆಂಚು ಸೀಳಿತು. ಆಲ್ಮೈರಾ ಚೂರುಗಳನ್ನು ಏಪ್ರನ್ನಿನ ಮಡಿಲಿಗೆ ತುಂಬಿಕೊಳ್ಳುತ್ತ, "ಮೆತ್ತಗೆ ಹೊಡಿಯೋ, ಮೂರನೇದು ಒಡೆದ್ರೆ ಅದು ನನ್ ಮೂಗಿನ ಲೆಕ್ಕಕ್ಕಿಲ್ಲ" ಎಂದಳು.