ಗೋಲು ನೋಡಬಾರದವನು

ಕ್ರೇಗ್‌ಹೇವನ್ ಥಿಸಲ್ ಫುಟ್‌ಬಾಲ್ ಕ್ಲಬ್ಬು ಆ ಸೀಸನ್ನಿನ ಮೊದಲ ಹತ್ತು ಪಂದ್ಯಗಳಲ್ಲಿ ಒಂಬತ್ತನ್ನು ಸೋತಿತ್ತು. ಹತ್ತನೆಯದು ಮಂಜು ಕವಿದು ಅರ್ಧಕ್ಕೇ ನಿಂತುಹೋದದ್ದರಿಂದ ಮಾನ ಉಳಿದಿತ್ತು. ಆ ಹತ್ತನ್ನೂ ಗ್ರೆಗರ್ ವಾಟ್ ಕಣ್ಣಾರೆ ನೋಡಿದ್ದ. ಕೊನೆಯದನ್ನು ನೋಡಿದ್ದ ಎನ್ನುವುದು ಸ್ವಲ್ಪ ಹೆಚ್ಚಾಯಿತು. ಅವನು ನೋಡಿದ್ದು ಮಂಜನ್ನು.

ಗ್ರೆಗರನಿಗೆ ಇಪ್ಪತ್ತನಾಲ್ಕು ವರ್ಷ. ಬಂದರಿನ ಹಿಂದಿನ ಕಾರ್ಖಾನೆಯಲ್ಲಿ ಹೊಗೆ ಹಾಕಿದ ಮೀನನ್ನು ಪೆಟ್ಟಿಗೆಗೆ ತುಂಬುವ ಕೆಲಸ. ಸ್ನಾನ ಮಾಡಿದರೂ ಮೈಯಿಂದ ಆ ವಾಸನೆ ಪೂರ್ತಿ ಹೋಗುತ್ತಿರಲಿಲ್ಲ. ಹುಡುಗಿಯರ ವಿಷಯದಲ್ಲಿ ತನಗೆ ಅದೃಷ್ಟವಿಲ್ಲ ಎಂದು ಅವನು ಹೇಳಿಕೊಂಡು ತಿರುಗುತ್ತಿದ್ದ. ಕೊರತೆ ಅದೃಷ್ಟದ್ದಲ್ಲ, ಸೋಪಿನದು ಎಂಬುದು ಅವನಿಗೂ ಗೊತ್ತಿತ್ತು.

ಊರಿನಲ್ಲಿ ಸಿನಿಮಾ ಮಂದಿರ ಮುಚ್ಚಿ ಬಹಳ ಕಾಲವಾಗಿತ್ತು. ಎರಡು ಚರ್ಚುಗಳಲ್ಲಿ ಒಂದು ಕಾರ್ಪೆಟ್ ಅಂಗಡಿಯಾಗಿತ್ತು. ಉಳಿದದ್ದು ಕಾರ್ಖಾನೆ, ಪಬ್ಬು ಮತ್ತು ಥಿಸಲ್. ಮೂರರಲ್ಲೂ ಇದ್ದವರು ಅದೇ ಮಂದಿ. ಕಾರ್ಖಾನೆಯಲ್ಲಿ ಗ್ರೆಗರನ ಮೇಸ್ತ್ರಿಯಾದ ಆರ್ಚಿ ಲೈಪರ್ ಪಬ್ಬಿನಲ್ಲಿ ಬೆಂಕಿಯ ಪಕ್ಕದ ಕುರ್ಚಿಗೆ ಒಡೆಯ, ಮೈದಾನದಲ್ಲಿ ನಿಂತು ನೋಡುವ ಮೆಟ್ಟಿಲುಗಳ ಪೈಕಿ ಮೂರನೆಯದಕ್ಕೆ ಒಡೆಯ. ವಾರದಲ್ಲಿ ಐದು ದಿನ ಯಾರ ಕೈಕೆಳಗೆ ದುಡಿಯಬೇಕೋ ಶನಿವಾರ ಅವರ ಪಕ್ಕದಲ್ಲೇ ನಿಂತು ಸಮುದ್ರದ ಗಾಳಿಗೆ ನಡುಗಬೇಕು. ಇದನ್ನು ಗ್ರೆಗರ್ ಬಹಳ ದಿನ ಆತ್ಮೀಯತೆ ಎಂದೇ ತಿಳಿದಿದ್ದ.

ಎಲ್ಲ ಶುರುವಾದದ್ದು ಅಕ್ಟೋಬರಿನಲ್ಲಿ, ಹನ್ನೊಂದನೆಯ ಪಂದ್ಯದಲ್ಲಿ. ಅರ್ಧ ಆಟ ಮುಗಿದಾಗ ಥಿಸಲ್ ಎರಡು ಗೋಲು ಹಿಂದಿತ್ತು. ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವನೆಂದು ಗ್ರೆಗರನನ್ನೇ ಮಾಂಸದ ಹೂರಣ ತುಂಬಿದ ಬಿಸಿ ಪೈ ತರಲು ಕಳಿಸಿದರು. ಪೈ ಮಾರುವ ತಗಡಿನ ಗೂಡು ಮೆಟ್ಟಿಲುಗಳ ಬೆನ್ನಿಗಿತ್ತು. ಅಲ್ಲಿಂದ ಮೈದಾನದ ಒಂದು ಹುಲ್ಲುಕಡ್ಡಿಯೂ ಕಾಣುತ್ತಿರಲಿಲ್ಲ. ಸಾಲು ಉದ್ದವಿತ್ತು. ಅವನು ನಾಲ್ಕು ಮಟನ್ ಪೈ, ನಾಲ್ಕು ಲೋಟ ಬಿಸಿ ಬೀಫ್ ಸಾರು ಹಿಡಿದು ವಾಪಸು ಬರುವಷ್ಟರಲ್ಲಿ ಥಿಸಲ್ ಎರಡು ಗೋಲು ಹೊಡೆದಿತ್ತು. ಅವನು ಬಂದು ನಿಂತ ಮರುಗಳಿಗೆ ಎದುರಾಳಿಯ ಚೆಂಡು ನಮ್ಮ ಗೋಲಿನ ಅಡ್ಡಪಟ್ಟಿಗೆ ಬಡಿದು ವಾಪಸು ಹಾರಿತು.

ಆರ್ಚಿ ಪೈಯನ್ನು ಬಾಯಿಯ ಹತ್ತಿರ ಒಯ್ದವನು ತಡೆದು ಗ್ರೆಗರನನ್ನು ದಿಟ್ಟಿಸಿದ.

"ಇನ್ನೊಂದು ಪೈ ತಗೊಂಬಾ ಮಗಾ."

"ಕೈಯಲ್ಲಿರೋದೇ ಇನ್ನೂ ತಿಂದಿಲ್ವಲ್ಲ ಆರ್ಚಿ."

"ತಿನ್ನೋಕಲ್ಲ. ಸುಮ್ನೆ ಹೋಗು."

ಗ್ರೆಗರ್ ನಗುತ್ತಲೇ ಹೋದ. ಗೂಡಿನ ಮುಂದೆ ಚಿಲ್ಲರೆ ಎಣಿಸುತ್ತಿದ್ದಾಗ ಬೆನ್ನ ಹಿಂದೆ ಊರಿಗೆ ಊರೇ ಕೂಗಿತು. ಮೂರು-ಎರಡು. ಆ ಸೀಸನ್ನಿನ ಮೊದಲ ಗೆಲುವು. ಅಂದು ಸಂಜೆ ಪಬ್ಬಿನಲ್ಲಿ ಎಲ್ಲರೂ ಅವನ ಬೆನ್ನು ತಟ್ಟಿದರು, ಬಿಯರ್ ಕುಡಿಸಿದರು. ಅವನ ಕಾಲ್ಗುಣ ಇಂಥದ್ದೆಂದು ತೀರ್ಮಾನವೂ ಆಯಿತು. ಬೇರೆಯವರ ಕಾಲ್ಗುಣ ಬಂದರೆ ಒಳ್ಳೆಯದಾಗುತ್ತದೆ, ಗ್ರೆಗರನದು ಹೋದರೆ. ತಮಾಷೆ ಎಂದುಕೊಂಡು ಅವನೂ ನಕ್ಕ. ಮುಂದಿನ ಶನಿವಾರ ಮೂರನೇ ಮೆಟ್ಟಿಲಿನಲ್ಲಿ ಅವನ ಜಾಗಕ್ಕೆ ಬೇರೊಬ್ಬರ ಸೋದರಳಿಯ ಬಂದು ನಿಂತಿದ್ದ. ನಗುವವರು ಯಾರೂ ಇರಲಿಲ್ಲ.

ಹಾಗಾಗಿ ಗ್ರೆಗರ್ ಪೈ ಗೂಡಿನ ಪಾಲಾದ. ಗೂಡಿನ ಯಜಮಾನಿ ಎಫಿ ಮಚ್‌ಗೆ ಎಪ್ಪತ್ತು ದಾಟಿತ್ತು. ಕೆಲಸಕ್ಕೊಂದು ಕೈ ಸಿಕ್ಕಿತೆಂದು ಅವಳು ಅವನಿಗೆ ಒಂದು ಏಪ್ರನ್ ಕಟ್ಟಿದಳು.

"ನಲ್ವತ್ ವರ್ಷದಿಂದ ಇಲ್ಲೇ ಇದೀನಿ. ಒಂದು ಗೋಲೂ ನೋಡಿಲ್ಲ," ಎಂದಳು. "ನಂಗೇನ್ ಕಮ್ಮಿಯಾಗಿದೆ ಹೇಳು."

ಗ್ರೆಗರ್ ಅವಳ ಉಬ್ಬಿದ ಗೆಣ್ಣುಗಳನ್ನೂ ಹಬೆಗೆ ಬೆಂದು ಕೆಂಪಾದ ಮುಖವನ್ನೂ ನೋಡಿ ಪೈ ತಟ್ಟೆಯನ್ನು ಕೈಗೆತ್ತಿಕೊಂಡ.

ಹೊರ ಊರಿನ ಪಂದ್ಯಗಳಿಗೆ ಬೇರೆ ಏರ್ಪಾಡು. ಬಸ್ಸಿನಲ್ಲಿ ಎಲ್ಲರ ಜೊತೆ ಹೋಗುವುದು, ಎಲ್ಲರೂ ಇಳಿದ ಮೇಲೆ ಬಸ್ಸಿನಲ್ಲೇ ಕೂರುವುದು. ಡ್ರೈವರ್ ಟೋಪಿಯನ್ನು ಮುಖದ ಮೇಲೆಳೆದು ಗೊರಕೆ ಹೊಡೆಯುತ್ತಿದ್ದ. ಗ್ರೆಗರನ ಉಸಿರಿಗೆ ಕಿಟಕಿಯ ಗಾಜು ಮಬ್ಬಾಗುತ್ತಿತ್ತು. ಅದರ ಮೇಲೆ ಬೆರಳಿನಿಂದ ಗೋಲು ಬರೆದು, ಚೆಂಡು ಬರೆದು, ಚೆಂಡು ಗೋಲಿನೊಳಗೆ ಹೋಗುವ ಮುಂಚೆ ಅಂಗೈಯಿಂದ ಒರೆಸಿಬಿಡುತ್ತಿದ್ದ. ಚಿತ್ರದಲ್ಲೂ ನೋಡಬಾರದೇನೋ ಎಂಬ ಅನುಮಾನ.

ಅವನಿಲ್ಲದೆಯೂ ಥಿಸಲ್ ಎಷ್ಟೋ ಸಲ ಸೋತಿತು. ಅದಕ್ಕೂ ಅವನೇ ಕಾರಣ. ಒಮ್ಮೆ ಫೋನಿನಲ್ಲಿ ಸ್ಕೋರು ನೋಡಿದ್ದನಂತೆ. ಇನ್ನೊಮ್ಮೆ ಗೂಡಿನ ಬಾಗಿಲು ಗಾಳಿಗೆ ತೆರೆದಿತ್ತಂತೆ. ಒಂದು ಸಲವಂತೂ ಆರ್ಚಿ ಅವನನ್ನು ಪಕ್ಕಕ್ಕೆ ಕರೆದು ಮೆತ್ತಗೆ ಕೇಳಿದ:

"ನಿಜ ಹೇಳು. ಆಟದ ಬಗ್ಗೆ ಯೋಚ್ನೆ ಮಾಡ್ತಿದ್ಯಾ?"

"ಇನ್ನೇನ್ ಮಾಡ್ಲಿ ಅಲ್ಲಿ ಕೂತು?"

"ಪೈ ಬಗ್ಗೆ ಮಾಡು."

ಜನವರಿಯಲ್ಲಿ ಒಮ್ಮೆ ಗ್ರೆಗರ್ ತಿರುಗಿಬಿದ್ದ. ಏಪ್ರನ್ ಬಿಚ್ಚಿ ಎಫಿಯ ಕೈಗೆ ಕೊಟ್ಟು ನೇರ ಮೂರನೇ ಮೆಟ್ಟಿಲಿಗೆ ಬಂದ.

"ಇವತ್ ನಾನ್ ನೋಡ್ತೀನಿ," ಎಂದ. ಗಟ್ಟಿಯಾಗಿ ಹೇಳಬೇಕೆಂದುಕೊಂಡಿದ್ದ ಮಾತು ಬಾಯಿಂದ ಬರುವಾಗ ಅಪ್ಪಣೆ ಕೇಳಿದ ಹಾಗಿತ್ತು.

"ನೋಡಪ್ಪ," ಎಂದ ಆರ್ಚಿ. "ಟಿಕೆಟ್ ತಗೊಂಡಿದೀಯ. ಬೇಡ ಅನ್ನೋಕೆ ನಾವ್ಯಾರು."

ಥಿಸಲ್ ಆರು-ಸೊನ್ನೆಯಲ್ಲಿ ಸೋತಿತು. ನಮ್ಮ ಗೋಲ್‌ಕೀಪರ್ ಎರಡು ಸಲ ಕಾಲು ಜಾರಿ ಬಿದ್ದ. ಎರಡನೆಯ ಸಲ ಚೆಂಡು ಹತ್ತಿರ ಎಲ್ಲೂ ಇರಲಿಲ್ಲ. ಸೋಮವಾರ ಕಾರ್ಖಾನೆಯಲ್ಲಿ ಯಾರೂ ಒಂದು ಮಾತೂ ಆಡಲಿಲ್ಲ. ಈ ಊರಿನಲ್ಲಿ ಬೈಯುವ ರೀತಿಯೇ ಅದು. ಚಹಾ ಹೊತ್ತಿನಲ್ಲಿ ಅವನು ಬೆಂಚಿನ ಮೇಲೆ ಕೂತಾಗ ಉಳಿದವರು ಬಹಳ ಮರ್ಯಾದೆಯಿಂದ ಒಂದೊಂದು ಗೇಣು ಸರಿದರು. ಆರ್ಚಿ ಬಂದು, "ಈ ವಾರ ತಣ್ಣನೆ ಕೋಣೆ ನೀನೇ ನೋಡ್ಕೋ," ಎಂದ. ಮೀನು ಹೆಪ್ಪುಗಟ್ಟಿಸಿ ಇಡುವ ಆ ಕೋಣೆಗೆ ಒಬ್ಬನನ್ನು ಎರಡು ದಿನಕ್ಕಿಂತ ಹೆಚ್ಚು ಕಳಿಸುವ ಪದ್ಧತಿ ಇರಲಿಲ್ಲ. ಶುಕ್ರವಾರದ ಹೊತ್ತಿಗೆ ಗ್ರೆಗರನಿಗೆ ಬೆರಳುಗಳಿವೆಯೋ ಇಲ್ಲವೋ ಎಂದು ನೋಡಿಯೇ ತಿಳಿಯಬೇಕಾಗಿತ್ತು.

"ನಾಳೆ ಎಫಿ ಹತ್ರ ಇರ್ತೀನಿ," ಎಂದ, ತಾನಾಗಿಯೇ.

"ನಿನ್ನಿಷ್ಟ ಮಗಾ," ಎಂದ ಆರ್ಚಿ. ಅಂದು ಮಧ್ಯಾಹ್ನ ಗ್ರೆಗರನ ಚಹಾದ ಜೊತೆ ಎರಡು ಬಿಸ್ಕತ್ತು ಬಂದವು.

ಊರು ಬಿಡುವ ಯೋಚನೆಯೂ ಬಂದಿತ್ತು. ಅಬರ್ಡೀನ್‌ನಲ್ಲಿ ಚಿಕ್ಕಮ್ಮನ ಮಗನ ಮನೆಯಲ್ಲಿ ಒಂದು ಕೋಣೆ ಖಾಲಿ ಇತ್ತು. ಆದರೆ ಅವನು ಹೋದ ಮೇಲೆ ಥಿಸಲ್ ಗೆದ್ದರೆ, ದರಿದ್ರ ತೊಲಗಿತು ಎಂಬ ಮಾತು ಕಾಯಂ ಆಗುತ್ತದೆ. ಸೋತರೆ, ಕಷ್ಟದಲ್ಲಿ ಕೈಬಿಟ್ಟು ಓಡಿದ ಎನ್ನುತ್ತಾರೆ. ಎರಡನ್ನೂ ತೂಗಿ ನೋಡಿ ಗ್ರೆಗರ್ ಇನ್ನೊಂದು ವಾರ ಮೀನು ತುಂಬಿದ. ಇದಕ್ಕಿಂತ ನಾಚಿಕೆಗೇಡಿನ ಸಂಗತಿಯೊಂದಿತ್ತು, ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಅವನಿಗೇ ನಂಬಿಕೆ ಬರತೊಡಗಿತ್ತು.

ಮೇ ತಿಂಗಳಿಗೆ ಥಿಸಲ್ ನಾಲ್ಕನೇ ದರ್ಜೆಯ ಲೀಗಿನ ತಳದಲ್ಲಿ ಬಂದು ಕೂತಿತು. ಅದರ ಕೆಳಗೆ ದೇಶದ ಲೀಗೇ ಇರಲಿಲ್ಲ, ಹೊರಗಿನ ಸಣ್ಣಪುಟ್ಟ ಲೀಗುಗಳಷ್ಟೇ ಇದ್ದವು. ಕೊನೆಯಲ್ಲಿ ಬಂದ ತಂಡ ಹೊರಗಿನ ಲೀಗಿನಿಂದ ಗೆದ್ದು ಬಂದ ತಂಡದ ಜೊತೆ ಎರಡು ಪಂದ್ಯ ಆಡಬೇಕು, ಎರಡರ ಗೋಲು ಕೂಡಿಸಿ ಸೋತರೆ ಜಾಗ ಖಾಲಿ ಮಾಡಬೇಕು. ಥಿಸಲ್ ಆ ಜಾಗದಲ್ಲಿ ತೊಂಬತ್ತೇಳು ವರ್ಷದಿಂದ ಕೂತಿತ್ತು. ಹೊರಹೋದರೆ ಕ್ಲಬ್ಬು ಉಳಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಯಾರೋ ಸೂಪರ್ ಮಾರ್ಕೆಟ್ಟಿನವರು ಬಂದು ಮೈದಾನಕ್ಕೆ ಆಗಲೇ ಟೇಪು ಹಿಡಿದು ಹೋಗಿದ್ದರು. ಎದುರಾಳಿ ಸ್ಟ್ರಾಥೊರಿನ್. ಅವರ ಊರಿನಲ್ಲಿ ಆಡಿದ ಮೊದಲ ಪಂದ್ಯದಲ್ಲಿ ನಾವು ಒಂದು-ಸೊನ್ನೆ ಸೋತೆವು. ಗ್ರೆಗರ್ ಬಸ್ಸಿನಲ್ಲಿದ್ದ.

ಎರಡನೇ ಪಂದ್ಯದ ದಿನ ಆರ್ಚಿ ಅವನನ್ನು ಭುಜ ಹಿಡಿದು ತಾನೇ ಗೂಡಿಗೆ ಕರೆತಂದ.

"ಹಾಫ್ ಟೈಮ್ ಆದ್ಮೇಲೆ ಕಿಟಕಿ ಇಳ್ಸಿಬಿಡಿ. ಒಳಗಿಂದ ಚಿಲಕ."

"ನನ್ ವ್ಯಾಪಾರ ಏನಾಗ್ಬೇಕು?" ಎಂದಳು ಎಫಿ.

"ಇವತ್ ಒಂದಿನ ಎಫಿ. ಕೈ ಮುಗೀತೀನಿ."

"ನಿನ್ ಹೆಂಡ್ತಿಗೆ ಯಾವತ್ತಾದ್ರೂ ಹಿಂಗ್ ಕೇಳಿದ್ಯೇನೋ? ಹೋಗ್ ಅತ್ಲಾಗೆ."

ಆದರೂ ಅರ್ಧ ಆಟ ಮುಗಿದ ಮೇಲೆ ಕಿಟಕಿ ಇಳಿಸಿದಳು. ತಗಡಿನ ಒಳಗೆ ಒಲೆಯ ಕಾವು, ಕೊಬ್ಬಿನ ವಾಸನೆ, ಒಂದು ಬಲ್ಬು. ಗ್ರೆಗರ್ ಮಗುಚಿದ ಬಕೆಟ್ಟಿನ ಮೇಲೆ ಕೂತ. ಏಳು ತಿಂಗಳಲ್ಲಿ ಅವನು ಸದ್ದಿನಿಂದಲೇ ಆಟ ಓದುವುದನ್ನು ಕಲಿತಿದ್ದ. ಕೂಗು ಮೇಲೇಳುತ್ತ ಹೋಗಿ ನಿಟ್ಟುಸಿರಾದರೆ ಚೆಂಡು ಹೊರಗೆ ಹೋಯಿತು. ಜನವೆಲ್ಲ ಸುಮ್ಮನಾಗಿ ಒಬ್ಬನೇ ಬೈದರೆ ಎದುರಾಳಿಯ ಗೋಲು. ಅರವತ್ತನೇ ನಿಮಿಷದ ಹೊತ್ತಿಗೆ ಗೂಡಿನ ಗೋಡೆಯೇ ಅದುರಿತು. ನಮ್ಮ ಗೋಲು. ಎರಡೂ ಪಂದ್ಯ ಸೇರಿ ಸಮ. ಇನ್ನೊಂದು ಬೇಕು.

ಅದು ಬರಲಿಲ್ಲ. ಎಪ್ಪತ್ತು, ಎಂಬತ್ತು. ಎಫಿ ತಟ್ಟೆ ಒರೆಸುತ್ತಿದ್ದವಳು ಇದ್ದಕ್ಕಿದ್ದಂತೆ ಹೇಳಿದಳು:

"ಹೋಗ್ ನೋಡು."

"ಬೇಡ ಎಫಿ."

"ಈ ಕ್ಲಬ್ಬು ಇವತ್ ಸತ್ರೆ ನೀನು ಸಾಯೋದನ್ನೂ ನೋಡಿರಲ್ಲ, ಬದ್ಕಿದ್ದನ್ನೂ ನೋಡಿರಲ್ಲ. ನೀನ್ ನೋಡಿದ್ರೆ ಗೋಲ್ ಆಗಲ್ಲ ಅಂತ ನಿಂಗೂ ನಂಬ್ಕೆನಾ?"

ಇಲ್ಲ ಎನ್ನಲು ಗ್ರೆಗರ್ ಬಾಯಿ ತೆರೆದ. ಅದು ಸುಳ್ಳಾಗುತ್ತಿತ್ತು. ಆ ಕ್ಷಣ ಅವನಿಗೆ ತನ್ನ ಬಗ್ಗೆ ಎಷ್ಟು ಹೇಸಿಗೆಯಾಯಿತೆಂದರೆ, ಎದ್ದು ಚಿಲಕ ಸರಿಸಿದ.

ಗೂಡಿಗೂ ಕಾಂಪೌಂಡಿಗೂ ನಡುವಿನ ಕೆಸರು ತುಂಬಿದ ಸಂದಿಯಲ್ಲಿ ಖಾಲಿ ಬಾಟಲಿಗಳ ಕ್ರೇಟುಗಳಿದ್ದವು. ಎರಡರ ಮೇಲೆ ಹತ್ತಿ ನಿಂತರೆ ಮೆಟ್ಟಿಲುಗಳ ಅಂಚಿನಿಂದಾಚೆ ಮೈದಾನದ ಒಂದು ಚೂರು ಕಂಡಿತು. ಸ್ಟ್ರಾಥೊರಿನ್‌ನ ಗೋಲು, ಅದರ ಮುಂದೆ ಕೆಸರು, ಕೆಸರಿನಲ್ಲಿ ಒಬ್ಬರನ್ನೊಬ್ಬರು ತಳ್ಳುತ್ತಿದ್ದ ಹತ್ತು ಹನ್ನೆರಡು ಜನ. ಮೂಲೆಯಿಂದ ಚೆಂಡು ಹಾರಿ ಬಂತು. ನಮ್ಮ ಮುಂಚೂಣಿಯ ಆಟಗಾರ ಕೆರ್, ವಾರದ ದಿನಗಳಲ್ಲಿ ಊರಿಗೆ ಅಂಚೆ ಹಂಚುವವನು, ಚೆಂಡು ಎಲ್ಲಿದೆಯೆಂದು ಆಚೆ ತಿರುಗಿ ಹುಡುಕುತ್ತಿದ್ದ. ಅದು ಅವನ ಬೆನ್ನಿಗೆ ಬಡಿಯಿತು. ಕೀಪರ್ ಇತ್ತ ಹಾರಿದ. ಚೆಂಡು ಅತ್ತ, ಅಪರಿಚಿತರ ಮನೆಗೆ ಬಂದಂತೆ ಅನುಮಾನಿಸುತ್ತ ಉರುಳಿ, ಕೆಸರಿನಲ್ಲಿ ಒಮ್ಮೆ ನಿಂತು, ಗೆರೆ ದಾಟಿತು.

ಅಕ್ಟೋಬರಿನಿಂದ ಕಾದಿದ್ದ ಗೋಲು. ಗ್ರೆಗರನ ಮನಸ್ಸಿನಲ್ಲಿ ಮೊದಲು ಬಂದ ಮಾತು, ಯಾರಾದರೂ ನನ್ನನ್ನು ನೋಡಿದರೇ?

ಅವನು ಕ್ರೇಟಿನಿಂದ ಹಾರಿ, ಗೂಡಿಗೆ ನುಗ್ಗಿ, ಚಿಲಕ ಹಾಕಿ ಬಕೆಟ್ಟಿನ ಮೇಲೆ ಕೂತ. ಹೊರಗೆ ಜನ ಗಂಟಲು ಹರಿದುಕೊಳ್ಳುತ್ತಿದ್ದರು.

"ಏನಾಯ್ತೋ?" ಎಂದಳು ಎಫಿ.

"ಗೊತ್ತಿಲ್ಲ."

ಎಫಿ ಅವನ ಮುಖ ನೋಡಿದಳು, ಆಮೇಲೆ ಕಾಲು ನೋಡಿದಳು. ತಟ್ಟೆ ಒರೆಸುವ ಬಟ್ಟೆಯನ್ನು ಅವನ ಮಡಿಲಿಗೆ ಎಸೆದಳು. "ಶೂ ಒರೆಸ್ಕೋ," ಎಂದು ಒಲೆಯ ಕಡೆ ತಿರುಗಿದಳು.

ಇನ್ನೂ ಆರು ನಿಮಿಷ ಆಟ ನಡೆಯಿತು. ಆ ಆರು ನಿಮಿಷ ಗ್ರೆಗರ್ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ. ನೋಡಿದರೂ ಗೋಲಾಗುತ್ತದೆ ಎಂದು ಈಗಷ್ಟೇ ಕಂಡಿದ್ದವನು, ನೋಡಿದ ತಪ್ಪಿಗೆ ಏನಾದರೂ ಆದೀತೆಂದು ಹೆದರಿ ಪೈಗಳನ್ನೇ ಧ್ಯಾನಿಸುತ್ತಿದ್ದ. ಕೊನೆಯ ಸೀಟಿ ಕೇಳಿಸಿತು. ತಗಡಿನ ಬಾಗಿಲ ಮೇಲೆ ಮುಷ್ಟಿಗಳು ಬಿದ್ದವು.

ಎಫಿ ಚಿಲಕ ತೆಗೆದಳು. ಬಾಗಿಲಲ್ಲಿ ಆರ್ಚಿ ನಿಂತಿದ್ದ. ಕಾರ್ಖಾನೆಯಲ್ಲಿ ಬೆರಳು ಕತ್ತರಿಸಿಕೊಂಡಾಗಲೂ ಹುಬ್ಬು ಗಂಟಿಕ್ಕದವನ ಗಡ್ಡದ ತುಂಬ ಕಣ್ಣೀರು.

"ಉಳ್ಕೊಂಡ್ವಿ ಮಗಾ. ನೀನು ನೋಡ್ಲಿಲ್ಲ ತಾನೆ?"

ಹೇಳಿಬಿಡಬಹುದಿತ್ತು. ನೋಡಿದೆ, ಆದರೂ ಗೋಲಾಯಿತು, ಇನ್ನು ನನ್ನನ್ನು ಬಿಟ್ಟುಬಿಡಿ ಎಂದರೆ ಮುಗಿಯುತ್ತಿತ್ತು. ಆದರೆ ಆರ್ಚಿಯ ಹಿಂದೆ ಇಪ್ಪತ್ತು ಮೂವತ್ತು ಮುಖಗಳಿದ್ದವು. ಎಲ್ಲ ಅವನನ್ನೇ ನೋಡುತ್ತಿದ್ದವು. ಕೆರ್‌ನನ್ನು ಬಿಟ್ಟು ಇವನ ಹತ್ತಿರ ಮೊದಲು ಓಡಿ ಬಂದಿದ್ದರು. ಮೀನು ತುಂಬುವವನನ್ನು ನೋಡಲು ಯಾರೂ ಹೀಗೆ ಓಡಿ ಬಂದದ್ದಿಲ್ಲ.

"ಇಲ್ಲ," ಎಂದ ಗ್ರೆಗರ್.

ಅವನನ್ನು ಎತ್ತಿಕೊಂಡೇ ಪಬ್ಬಿಗೆ ಹೋದರು. ಮುಂದಿನ ಸೀಸನ್ನಿಗೆ ಗೂಡಿನೊಳಗೆ ಅವನಿಗೊಂದು ಮೆತ್ತೆಯ ಕುರ್ಚಿ ಹಾಕಿಸುವುದೆಂದು ದಾರಿಯಲ್ಲೇ ತೀರ್ಮಾನವಾಯಿತು. ಆರ್ಚಿ ಅವನನ್ನು ಬೆಂಕಿಯ ಪಕ್ಕದ ತನ್ನ ಕುರ್ಚಿಯಲ್ಲಿ ಕೂರಿಸಿ, ಪಾಪ, ಏನೂ ಕಾಣದವನಿಗೆ ಗೋಲಿನ ವರ್ಣನೆ ಶುರು ಮಾಡಿದ.

"ಇಪ್ಪತ್ ಗಜ ದೂರದಿಂದ ಕಣೋ. ಚೆಂಡು ಇನ್ನೂ ಗಾಳೀಲಿ. ಕೆರ್ ಎಡಗಾಲು ಹಿಂಗ್ ಬೀಸ್ದ ನೋಡು..."

"ಬೆನ್ನಿಗ್ ಬಡೀತಲ್ವಾ ಅದು?" ಎಂದ ಹಿಂದಿನಿಂದ ಯಾರೋ.

"ನೀನ್ ಕುಡಿದಿದ್ದೆ. ಸುಮ್ನಿರು." ಆರ್ಚಿ ಮತ್ತೆ ಗ್ರೆಗರನ ಕಡೆ ತಿರುಗಿದ. "ಎಡಗಾಲು ಮಗಾ. ಎಲ್ಲಿವರ್ಗೆ ಹೇಳ್ದೆ?"

"ಇಪ್ಪತ್ ಗಜ," ಎಂದ ಗ್ರೆಗರ್. "ಗಾಳೀಲಿತ್ತು."