ಕೂತವನ ತೂಕ

ಕಾರ್ಖಾನೆಯ ನೆಲ ತೊಳೆಯುವ ಗಾಡಿ ಓಡಿಸುವವನನ್ನು ಎಲ್ಲರೂ 'ಬ್ರಷ್ ಮಾವ' ಎನ್ನುತ್ತಿದ್ದರು; ಅವನಿಗೆ ಆ ಗಾಡಿಯೇ ಮೊದಲು, ಕಟ್ಟಿಕೊಂಡ ಹೆಂಡತಿಯೂ ಆಮೇಲೆ. ಹೊಸಬರು ಯಾರೇ ಬರಲಿ, ನಿಲ್ಲಿಸಿಕೊಂಡು ಪಾಠ ಶುರುಮಾಡುತ್ತಿದ್ದ: "ಈ ಸ್ವಿಚ್ಚು ಯಜಮಾನ ಇದ್ದಹಾಗೆ, ಬರೀ ಹುಕುಂ ಕೊಡುತ್ತೆ. ಮೈಮುರಿದು ದುಡಿಯೋದು ಪೈಪಿನೊಳಗಿನ ಎಣ್ಣೆ. ಬ್ರಷ್ ಇಳಿಸೋದೂ ಅದೇ, ತಿರುಗಿಸೋದೂ ಅದೇ." ಆಮೇಲೆ ಸೀಟಿನಿಂದ ಅರ್ಧ ಏಳುತ್ತಿದ್ದ; ಕೂಡಲೇ ತಿರುಗುತ್ತಿದ್ದ ಬ್ರಷ್ ಗಕ್ಕನೆ ನಿಲ್ಲುತ್ತಿತ್ತು. "ನೋಡಿದ್ರಾ? ಸೀಟಿನ ಕೆಳಗೂ ಒಂದು ಸ್ವಿಚ್ಚಿದೆ, ಕೂತವರ ಭಾರ ಬಿದ್ರೇನೇ ಅದು ಒತ್ತೋದು. ನಾನು ಕೂತಿಲ್ಲ ಅಂದ್ರೆ ಇದು ಕೆಲಸಾನೇ ಮಾಡಲ್ಲ!" ಹೊಟ್ಟೆನೋವು ಶುರುವಾಗಿ, ಅಂಗಿ ಹೆಗಲಿನಿಂದ ಜೋತಾಡತೊಡಗಿದಾಗಲೂ ಈ ಜಂಬ ಕರಗಲಿಲ್ಲ. ಒಂದು ಬೆಳಿಗ್ಗೆ ಅವನು ಕೂತೇ ಇದ್ದ, ಬ್ರಷ್ ತಿರುಗಲಿಲ್ಲ. ಮೆಕ್ಯಾನಿಕ್ ಬಂದು ವೈರು, ಎಣ್ಣೆ ಎಲ್ಲ ನೋಡಿ, ಕೊನೆಗೆ ತಾನೇ ಸೀಟಿನ ಮೇಲೆ ಕೂತ. ಬ್ರಷ್ ಗಿರ್ರನೆ ತಿರುಗಿತು. ಅವನು ಮಾವನ ಮುಖ ನೋಡದೆ, "ಸೀಟಿನ ಸ್ಪ್ರಿಂಗ್ ಬಿಗಿಯಾಗಿದೆ ಮಾವ, ಅಷ್ಟೇ," ಎಂದು ಕೈ ಒರೆಸಿಕೊಂಡ. ಅಂದಿನಿಂದ ಮಾವ ತುಂಬಿದ ಎಣ್ಣೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಗಾಡಿ ಓಡಿಸುತ್ತಾನೆ. ಯಾಕೆಂದು ಯಾರಾದರೂ ಕೇಳಿದರೆ, "ಮಧ್ಯದಲ್ಲಿ ಬೇಕಾಗುತ್ತೆ," ಎನ್ನುತ್ತಾನೆ. ಹೊಸಬರಿಗೆ ಪಾಠ ಈಗಲೂ ತಪ್ಪಿಲ್ಲ. ಸೀಟಿನ ಕೆಳಗಿನ ಸ್ವಿಚ್ಚಿನ ಮಾತು ಮಾತ್ರ ಎತ್ತುವುದಿಲ್ಲ.